ತಿರಕಪ್ಪನ ಗುಳಿಗೆಗೆ ಇಲಿಯ ಅಡ್ಡಿ

“ಇಲಿಗೆ ಹಾಕೋ ಔಷಧ ನಾ ತಗೊಳಂಗಿಲ್ಲ. ಮಾತು ಮುಗೀತು!”

ತಿರಕಪ್ಪ ಗುಳಿಗೆಯನ್ನು ತಟ್ಟೆಯ ಅಂಚಿಗೆ ತಳ್ಳಿದ. ಹಾವೇರಿ ದನದ ಸಂತೆಯಲ್ಲೇ ತಲೆ ನರೆತ ದಲ್ಲಾಳಿ ಅವನು. ಕೈನಡುಕಕ್ಕೆ ಡಾಕ್ಟರು ಪಾರ್ಕಿನ್ಸನ್ ಎಂದು ಹೆಸರಿಟ್ಟಂದಿನಿಂದ ಆ ಹೆಸರು ಕೇಳಿದರೆ ಉರಿದುಬೀಳುತ್ತಿದ್ದ. ಅದೇ ರೋಗದ ಮೇಲೆ ಪ್ರಯೋಗಾಲಯದಲ್ಲಿ ಇಲಿ ಇಟ್ಟುಕೊಂಡು ಕೆಲಸ ಮಾಡುವ ತಮ್ಮನ ಮಗಳು ಕಾವ್ಯಾ ರಜೆಗೆ ಬಂದವಳು ಆ ಇಲಿಗಳ ಸುದ್ದಿ ಬಾಯಿಬಿಟ್ಟದ್ದೇ ತಪ್ಪಾಗಿತ್ತು.

ಕಾವ್ಯಾ: ದೊಡ್ಡಪ್ಪಾ, ಈ ಗುಳಿಗಿ ಮನಷ್ಯಾರದ್ದರಿ. ನನ್ನ ಇಲಿ ಸುದ್ದಿ ಬ್ಯಾರೆ. ಮಿದುಳಿನ ಕಣದ ಮ್ಯಾಲ ಎರಡು ಗ್ರಾಹಕ, ಅಂದ್ರ ಸುದ್ದಿ ಹಿಡಿಯೋ ಕೊಂಡಿ, ಮಗ್ಗಲಾ ಮಗ್ಗಲ ಕುಂತಿರ್ತಾವ. ಡೋಪಮೀನ್ ಅನ್ನೋ ರಾಸಾಯನಿಕ ಮುಟ್ಟಿದ್ರ ಒಂದು ‘ನಡಿ’ ಅಂತೈತಿ. ಇನ್ನೊಂದು ‘ನಿಲ್ಲು’ ಅಂತ ಜಗ್ಗತೈತಿ.

ತಿರಕಪ್ಪ: ನಮ್ಮ ಮನಿ ಸುದ್ದಿ ಹೇಳಾಕ ಅಷ್ಟು ಓದಬೇಕಿತ್ತೇನು?

ಬಸವಣ್ಣೆವ್ವ (ಹೆಂಡತಿ): ಜಗ್ಗಾವ್ರು ಇಲ್ಲದಿದ್ರ ನೀವು ಎಂದೋ ಹಳ್ಳಾ ಸೇರತಿದ್ರಿ.

ಕಾವ್ಯಾ: ಆ ಜಗ್ಗೋದನ್ನ ಔಷಧದಿಂದ ತಡದ್ರ, ಈ ರೋಗದಾಗ ಡೋಪಮೀನ್ ಕಡಿಮಿ ಇದ್ರೂ ಇಲಿ ಓಡಾಡತೈತಿ.

ತಿರಕಪ್ಪ: ಇಲಿಗೆ ಈ ರೋಗ ಎಲ್ಲಿಂದ ಬಂತು? ವಯಸ್ಸಾಗಿತ್ತೇನು?

ಕಾವ್ಯಾ: ಇಲ್ರಿ… ನಾವ ತರಸ್ತೇವಿ.

ತಿರಕಪ್ಪ: ರೋಗಾನೂ ನಿಮ್ಮದ, ಔಷಧಾನೂ ನಿಮ್ಮದ! ಸಂತ್ಯಾಗ ಎತ್ತು ಕುಂಟಿಸಿ ಮದ್ದು ಮಾರಾವನ್ನ ನಾವು ಹೊಡದು ಓಡಸ್ತೇವಿ. ನಿಮಗ ಡಾಕ್ಟರ್ ಪದವಿ ಕೊಡ್ತಾರ.

ಬಸವಣ್ಣೆವ್ವ: ಇಲಿಗೆ ಔಷಧ ಯಾಕ ಹತ್ತತೈತಿ ಹೇಳಲೇನು? ಅದು ವಾದಾ ಮಾಡಂಗಿಲ್ಲ.

ತಿರಕಪ್ಪನ ದನಿ ಇಳಿಯಿತು. ಸಂತೆಯಲ್ಲಿ ಎತ್ತಿನ ದರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ಹೇಳುತ್ತಾರೆ. ಅವನ ಬದುಕೆಲ್ಲ ಆ ಬೆರಳುಗಳಲ್ಲೇ ಇತ್ತು.

ತಿರಕಪ್ಪ: ಗುಳಿಗಿ ನುಂಗಿದ್ರ ರೋಗಾ ಒಪ್ಪಿಕೊಂಡಂಗ. ಗೊತ್ತಾದ್ರ ನನ್ನ ಟವೆಲ್ ಕೆಳಗ ಯಾರು ಕೈ ಇಡತಾರ? ಇವತ್ತಿನ ತನಕ ಒಬ್ಬರಿಗೂ ಸುಳಿವಿಲ್ಲ. ಹೋದ ಸಂತ್ಯಾಗ ಎತ್ತು ಕೊಳ್ಳಾಕ ಬಂದ ಗೆಳೆಯಾ ರಹಿಮಾನಸಾಬ ನನ್ನ ಕೈ ಹಿಡದಾವನ ಒಂದ ಸಲಕ್ಕ ಸೌದಾ ಮುಗಿಸಿದ!

ಬಸವಣ್ಣೆವ್ವ: ಅವನ ಹೇಣ್ತಿ ಸಕೀನಾಬಿ ಎಲ್ಲಾ ಹೇಳಿದ್ಲು. ನಿಮ್ಮ ಬೆರಳು ಎಷ್ಟು ಅಂದ್ವು ಅಂತ ಅಂವಗ ತಿಳೀಲೇ ಇಲ್ಲಂತ. ತಿರುಗಿ ಕೇಳಿದ್ರ ಮಂದಿ ಮುಂದ ನಿಮ್ಮ ಮರ್ಯಾದಿ ಹೋಗತೈತಿ ಅಂತ, ತಾನ ಅಂದಾಜಿನ ಮ್ಯಾಲ ಹೆಚ್ಚಿನ ದರಾ ಒತ್ತಿ ಹೂಂ ಅಂದನಂತ.

ತಿರಕಪ್ಪ ತನ್ನ ಬೆರಳುಗಳನ್ನೇ ನೋಡಿಕೊಂಡ. ನಾಚಿಕೆ ಹೆಚ್ಚೋ, ಗೆಳೆಯನ ಮೇಲಿನ ಅಕ್ಕರೆ ಹೆಚ್ಚೋ ಅವನಿಗೇ ತಿಳಿಯಲಿಲ್ಲ. ಗುಳಿಗೆಯನ್ನು ಬಾಯಿಗೆ ಹಾಕಿಕೊಂಡ.

ತಿರಕಪ್ಪ: ನೀರ ತಾ ಲಗೂ! ಆ ಮಗಾ ರಹಿಮಾನಸಾಬ ನನ್ನ ಕೂಡ ಮೊದಲಿನಂಗ ಜಗಳಾಡಿ ಚೌಕಾಸಿ ಮಾಡಬೇಕು.