ಕ್ಯಾಮೆರಾ ಕೂರಲೊಲ್ಲದ ಹಲಗೆ

ನನ್ನ ಕೈಗೊಂದು ಚಟವಿದೆ. ಬಾಗಿಲ ಕೀಲಾಗಲಿ, ಹೊಲಿಗೆ ಯಂತ್ರವಾಗಲಿ, ಮೊಮ್ಮಗಳ ತಲೆಯಾಗಲಿ, ಒಣಗಿದಂತೆ ಕಂಡರೆ ಎಣ್ಣೆ ಹಚ್ಚದೆ ಬಿಡುವುದಿಲ್ಲ. ಯಜಮಾನರು ಇದ್ದಾಗ ಅವರ ಚಪ್ಪಲಿಗೂ ಹಚ್ಚಿದ್ದೆ. (ಜಾರಿ ಬಿದ್ದರು. ಎದ್ದು ಬರಿಗಾಲಲ್ಲೇ ಹೋದರು, ಪುಣ್ಯಾತ್ಮ.)

ಮೊಮ್ಮಗಳದು ಬೇರೆ ಚಟ. ಬಾಗಿಲಿಗಿಂತ ಉದ್ದದ ಹಲಗೆಯೊಂದನ್ನು ಕೆರೆಗೆ ಬಿಟ್ಟು, ಅದರ ಮೇಲೆ ನಿಂತು ಹುಟ್ಟು ಹಾಕುತ್ತಾ ಹೋಗುವುದು. ಅದನ್ನು ಕಲಿಸುವ ಕೆಲಸ ಒಂದು ಕ್ಲಬ್ಬಿನಲ್ಲಿ ಖಾಲಿಯಿತ್ತು. ತಾನು ನಿಲ್ಲುವ ರೀತಿಯನ್ನು ಹಲಗೆಯ ಮೇಲಿಂದಲೇ ವಿಡಿಯೊ ಮಾಡಿ ಆ ಸಂಜೆಯೊಳಗೆ ಕಳಿಸಬೇಕಿತ್ತು. ಬೆಂಕಿಪೊಟ್ಟಣದಷ್ಟು ಕ್ಯಾಮೆರಾ ತಂದಳು. ಅದನ್ನು ಕೂರಿಸುವ ಅಂಟುಬಿಲ್ಲೆಯನ್ನು ಹಲಗೆಯ ಮೂತಿಗೆ ಒತ್ತಿದಳು. ಜಾರಿತು. ಮತ್ತೆ ಒತ್ತಿದಳು. ಮತ್ತೆ ಜಾರಿತು.

"ಅಜ್ಜಿ, ಹಲಗೆ ಯಾಕೆ ಹೀಗೆ ಹೊಳೀತಿದೆ?"

"ಒಂಚೂರು ಎಣ್ಣೆ ಹಚ್ಚಿದೆ ಕಣೇ. ಮೂತಿಗಷ್ಟೇ. ಅಷ್ಟರಲ್ಲಿ ನಿಮ್ಮಮ್ಮ ಕಾಫಿಗೆ ಕರೆದಳು."

"ನಾನು ಕರೀದಿದ್ರೆ ಇವಳ ಕಾಲೂ ಜಾರ್ತಿತ್ತು," ಎಂದಳು ಸೊಸೆ.

ಹಲಗೆಯನ್ನೇನೋ ಸೋಪು ಹಾಕಿ ತೊಳೆದೆವು. ಆದರೆ ಇದ್ದ ಒಂದೇ ಬಿಲ್ಲೆ ಜಿಡ್ಡು ಕುಡಿದು ಸತ್ತುಹೋಗಿತ್ತು. ಹುಡುಗಿಯ ಕಣ್ಣು ತುಂಬಿತು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಅಜ್ಜಿ, ನೀನೇ ಸ್ಟ್ಯಾಂಡ್ ಆಗು."

"ನಿಮ್ಮಮ್ಮ ಇದಾಳಲ್ಲೇ."

"ಅಮ್ಮ ಮುಂದೆ ಕೂತ್ರೆ ನಾನು ಹಿಂದೆ ಆಕಾಶದಲ್ಲಿರ್ತೀನಿ."

"ನನ್ನ ತೂಕದ ವಿಷಯ ಇಲ್ಯಾಕೆ ಬಂತು?" ಎಂದ ಸೊಸೆ, ತಾನೇ ಮುಂದಾಗಿ ನನಗೆ ತೇಲುವ ಜಾಕೆಟ್ ತೊಡಿಸಿ, ಎದೆಗೆ ಕ್ಯಾಮೆರಾ ಬಿಗಿದಳು. ಇಷ್ಟು ಉತ್ಸಾಹದಿಂದ ಆಕೆ ನನ್ನ ಸೇವೆ ಮಾಡಿದ್ದು ನಾನು ಕಾಣೆ.

ಹಲಗೆಯ ಮೂತಿಯಲ್ಲಿ ಮೊಮ್ಮಗಳಿಗೆ ಎದುರಾಗಿ ವಿರಾಜಮಾನಳಾದೆ. ಸುತ್ತ ನೀರು, ಮುಂದೆ ಅವಳ ಮುಖ. ಆ ಮುಖವನ್ನು ಅಷ್ಟು ಹೊತ್ತು ಕಣ್ತುಂಬ ನೋಡುವ ಭಾಗ್ಯ ಅವಳು ತೊಟ್ಟಿಲು ಬಿಟ್ಟ ಮೇಲೆ ನನಗೆ ಸಿಕ್ಕಿರಲಿಲ್ಲ. ಕೆಲಸ ಕೆಡಿಸಿದವಳನ್ನೇ ಕರೆದು ಕೂರಿಸಿಕೊಂಡಳಲ್ಲ, ಆ ಋಣ ದೊಡ್ಡದು. ನಾನೂ ತುಟಿ ಪಿಟಕ್ಕೆನ್ನದೆ ಕಲ್ಲಿನಂತೆ ಕೂತಿದ್ದೆನೆಂದು ಬೀದಿಗೆಲ್ಲ ಹೇಳಿಕೊಂಡು ಬಂದೆ.

ಮರುದಿನ ಕ್ಲಬ್ಬಿನ ಯಜಮಾನಿ ಫೋನ್ ಮಾಡಿದರು. ಮೊಮ್ಮಗಳು ನಮಗೂ ಕೇಳುವಂತೆ ಹಿಡಿದಳು.

"ಕೆಲಸ ನಿಮಗೇ ಅಮ್ಮಾ. ನಿಲ್ಲೋದು ಎಲ್ಲರೂ ನಿಲ್ತಾರೆ. ಎದುರಿಗೆ ಒಬ್ಬರು ಹೊರಟಲ್ಲಿಂದ ದಡ ಮುಟ್ಟೋವರೆಗೆ 'ಸತ್ತೆ, ತಿರುಗಿಸೇ ಪಾಪಿ' ಅಂತ ಕಿರುಚ್ತಾನೇ ಇದ್ರೂ ನೀವು ನಗ್ತಾ ಸಮಾಧಾನ ಮಾಡ್ತಿದ್ರಲ್ಲ, ಅದು ಯಾರಿಗೂ ಬರಲ್ಲ."

"ಯಾರೇ ಅದು ಕಿರುಚಿದ್ದು?" ಎಂದೆ.

ಸೊಸೆ ವಿಡಿಯೊ ಹಾಕಿ ಧ್ವನಿ ಏರಿಸಿದಳು. ಬೀದಿಗೂ ಕೇಳಿಸಿತು.

ಕ್ಯಾಮೆರಾ ಎದೆಯ ಮೇಲಿದ್ದುದರಿಂದ ನನ್ನ ಮುಖವೊಂದು ಬಂದಿರಲಿಲ್ಲ. ಅಷ್ಟರ ಮಟ್ಟಿಗೆ ದೇವರು ದೊಡ್ಡವನು.