ನಾಯಕತ್ವದ ಚರ್ಚೆಯೂ ಕೆಳಗಿನ ಓಣಿಯ ನೀರೂ

ರಾಜ್ಯದಲ್ಲಿ ನಮ್ಮ ಪಕ್ಷವನ್ನು ಯಾರು ಮುನ್ನಡೆಸಬೇಕು ಎಂಬ ಪ್ರಶ್ನೆ ನಮ್ಮ ಮನೆಯ ಕಟ್ಟೆಯ ಮೇಲೆ ಒಂದೇ ಮಧ್ಯಾಹ್ನದಲ್ಲಿ ಬಗೆಹರಿಯುತ್ತದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ನಾನು ಶಿವಪುತ್ರ, ನಿವೃತ್ತ ಬಸ್ ಕಂಡಕ್ಟರ್. ಅರ್ಧ ಆಯುಷ್ಯ ಓಡುವ ಬಸ್ಸಿನಲ್ಲಿ ನಿಂತೇ ಕಳೆದಿದ್ದರಿಂದ ಕೂತಲ್ಲಿ ಕೂಡುವ ಗುಣ ನನಗಿಲ್ಲ. ನೌಕರಿಯಲ್ಲಿದ್ದಾಗ ಕಾರ್ಮಿಕ ಸಂಘ ಹಿಡಿದೆ, ಸಂಘದಿಂದ ಎಡಪಕ್ಷಕ್ಕೆ ಬಂದೆ, ಈಗ ಸಂಶಿ ಕಡೆಯ ನಮ್ಮೂರಿನಲ್ಲಿ ಪಕ್ಷದ ಶಾಖಾ ಕಾರ್ಯದರ್ಶಿಯಾಗಿದ್ದೇನೆ. ಶಾಖೆ ಎಂದರೆ ಬಹಳ ದೊಡ್ಡದೇನಲ್ಲ. ಸದಸ್ಯರೆಲ್ಲ ನಮ್ಮ ಕಟ್ಟೆಯ ಮೇಲೆ ಕೂತ ಮೇಲೂ ಚಹಾದ ಕಿಟ್ಲಿ ಇಡಲು ಜಾಗ ಉಳಿಯುತ್ತದೆ. ಚುನಾವಣೆಯಲ್ಲಿ ನಮ್ಮೂರಿನಿಂದ ಪಕ್ಷಕ್ಕೆ ಬಿದ್ದ ಮತಗಳನ್ನು ಯಾರ್ಯಾರು ಹಾಕಿದರೆಂದು ಹೆಸರು ಹಿಡಿದು ಹೇಳಬಲ್ಲೆ. ಒಂದು ಸಲ ಲೆಕ್ಕಕ್ಕೆ ಒಂದು ಮತ ಕಡಿಮೆ ಬಂತು. ಹೆಂಡತಿಯನ್ನು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಇಂಥ ಶಾಖೆಗೆ ತಾಲೂಕು ಸಮಿತಿಯಿಂದ ಫೋನು ಬಂದಿತ್ತು. ರಾಜ್ಯ ಸಮ್ಮೇಳನದಲ್ಲಿ ನಾಯಕತ್ವದ ಪ್ರಶ್ನೆ ಬರಲಿದೆ, ಹಳೆಯ ರಾಜ್ಯ ಕಾರ್ಯದರ್ಶಿಗಳೇ ಮುಂದುವರಿಯಬೇಕೋ, ಹೊಸ ತಲೆಮಾರಿನವರು ಬರಬೇಕೋ, ಶಾಖೆಗಳು ಚರ್ಚಿಸಿ ಅಭಿಪ್ರಾಯ ತಿಳಿಸಬೇಕು ಎಂದರು. ಫೋನು ಇಟ್ಟ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಪಡಸಾಲೆಯಲ್ಲಿ ಹಿಂದೆ ಮುಂದೆ ಓಡಾಡಿದೆ. ಮರುದಿನವೇ ಮಧ್ಯಾಹ್ನ ಸಭೆ ಎಂದು ಎಲ್ಲರಿಗೂ ಹೇಳಿಬಂದೆ.

ಹೆಂಡತಿ ಶಾಂತವ್ವ ಇದನ್ನು ಕೇಳಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ನಾಳಿ ನಮ್ಮ ಓಣಿಗೆ ನೀರ ಬರೂ ದಿನಾರಿ. ನಾಡದ ಮಹಬೂಬಣ್ಣಾರ ಮನ್ಯಾಗ ಮಗಳ ಮಂಗನಿ ಐತಿ. ಬೀಗರು ಬರ್ತಾರ. ನೀರಿನ ಹೊತ್ತಿಗೆ ಮೀಟಿಂಗ್ ಇಟ್ಟೀರಲ್ಲ?"

ನಮ್ಮೂರಿನಲ್ಲಿ ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ. ಅದೂ ಮೊದಲು ಮೇಲಿನ ಓಣಿಗೆ, ಆಮೇಲೆ ಆ ವಾಲ್ ಬಂದ್ ಮಾಡಿ ನಮ್ಮ ಕೆಳಗಿನ ಓಣಿಗೆ. ಅವಳು ಅಷ್ಟಕ್ಕೇ ಬಿಡಲಿಲ್ಲ. ಗಟಾರ ತುಂಬಿದೆ, ಕಂಬದ ದೀಪ ಕೆಟ್ಟಿದೆ, ಅವನ್ನೂ ಸಭೆಯಲ್ಲಿ ಮಾತಾಡಿರಿ ಎಂದಳು. ನಾನು ಗಂಭೀರವಾಗಿ, ಅವೆಲ್ಲ 'ಇತರೆ ವಿಷಯಗಳು' ಎಂಬ ಭಾಗದಲ್ಲಿ ಕೊನೆಗೆ ಬರುತ್ತವೆ ಎಂದು ತಿಳಿಸಿದೆ. ಕೊನೆ ಯಾವಾಗ ಬರುತ್ತದೆ ಎಂದು ಕೇಳಿದಳು. ಸಂಘಟನೆಯ ಶಿಸ್ತು ಹೆಂಗಸರಿಗೆ ತಿಳಿಯುವುದಿಲ್ಲ ಎಂದುಕೊಂಡು ನಾನು ಜಮಖಾನೆ ಝಾಡಿಸಲು ಹೋದೆ.

ಮರುದಿನ ಸಭೆ ಸೇರಿತು. ನಾನು ಹಳೆಯ ಕಾರ್ಯದರ್ಶಿಗಳ ಪರ. ನನ್ನ ಎದುರಿಗೆ, ಹೊಸಬರ ಪರ, ನನ್ನ ಬಾಲ್ಯದ ಗೆಳೆಯ, ಟೇಲರ್ ಮಹಬೂಬಸಾಬ. ಮಾರನೆಯ ದಿನ ಮಂಗನಿ, ಅಂದರೆ ನಿಶ್ಚಿತಾರ್ಥ, ಇದ್ದದ್ದು ಅವನ ಮಗಳದೇ. ಮನೆಯಲ್ಲಿ ನೂರು ಕೆಲಸ ಬಿಟ್ಟು ಅವನು ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಅಂಥ ನಿಷ್ಠೆ ನಮ್ಮದು.

ನಾನು ಎದ್ದು ನಿಂತು, ಹಳೆಯ ಕಾರ್ಯದರ್ಶಿಗಳ ಸರಳತೆಗೆ ನಾನೇ ಸಾಕ್ಷಿ ಎಂದೆ. ಒಮ್ಮೆ ಅವರು ನನ್ನ ಬಸ್ಸಿಗೆ ಬಂದಾಗ ಸೀಟು ಬಿಡಿಸಿಕೊಟ್ಟೆ. ಅವರು ಕೂಡಲಿಲ್ಲ. ಜನರ ನಡುವೆ ಜನರಂತೆ ಕುಂದಗೋಳದವರೆಗೆ ನಿಂತೇ ಬಂದರು. ಇದನ್ನು ಹೇಳುವಾಗ ನಾನು ಪ್ರತಿ ಸಲವೂ ಬಸ್ಸಿನ ಸರಳು ಹಿಡಿದಂತೆ ಕೈ ಎತ್ತಿ ತೋರಿಸುತ್ತೇನೆ. ಆಗಲೂ ತೋರಿಸಿದೆ.

"ಅವತ್ತ ಅವ್ರಿಗೆ ಕುರು ಎದ್ದಿತ್ತಲೇ," ಎಂದ ಮಹಬೂಬ. "ಕೂಡಾಕ ಬರ್ತಿದ್ದಿಲ್ಲ. ಆಮ್ಯಾಲ ಅವರ ಬಾಯಿಂದನ ಕೇಳೀನಿ."

ಅಲ್ಲಿಂದ ಚರ್ಚೆಯ ಮಟ್ಟ ಇಳಿಯಿತು, ದನಿ ಏರಿತು. ಮತಕ್ಕೆ ಹಾಕೋಣ ಎಂದರು. ಹಾಕಿದೆವು. ಸರಿಸಮ. ಉಳಿದವನು ಒಬ್ಬನೇ, ಫಕೀರಪ್ಪ. ಅವನು ಯಾವ ಕಡೆಗೂ ಕೈ ಎತ್ತಿರಲಿಲ್ಲ. ರಾಜ್ಯ ನಾಯಕತ್ವದ ಭವಿಷ್ಯ ಫಕೀರಪ್ಪನ ಕೈಯಲ್ಲಿತ್ತು. ಅದೇ ಕೈಯಲ್ಲಿ ವಾಲ್ ತಿರುಗಿಸುವ ಕಬ್ಬಿಣದ ಚಾವಿಯೂ ಇತ್ತು. ಏಕೆಂದರೆ ನಮ್ಮೂರಿಗೆ ನೀರು ಬಿಡುವವನು ಅವನೇ.

ಇಬ್ಬರೂ ಅವನ ಎರಡೂ ಬಾಜು ಕೂತೆವು. ನಾನು ಚಹಾ ತರಿಸಿದೆ. ಮಹಬೂಬ ಅಡಿಕೆ ಎಲೆ ಮಡಚಿಕೊಟ್ಟ. ನಾನು ಅನುಭವದ ಮಹತ್ವ ವಿವರಿಸಿದೆ, ಅವನು ಹೊಸ ರಕ್ತದ ಮಹತ್ವ ವಿವರಿಸಿದ. ಫಕೀರಪ್ಪ ಎರಡೂ ಕಡೆ ತಲೆಯಾಡಿಸುತ್ತ, ನಡುನಡುವೆ ಏಳಲು ನೋಡುತ್ತಿದ್ದ.

"ಅಣ್ಣಾರ, ಮ್ಯಾಲಿನ ಓಣಿ ವಾಲ್ ಬಂದ್ ಮಾಡಿ ಬರ್ತೀನ್ರಿ. ಹೊತ್ತಾತು."

ನಾನು ಅವನ ಭುಜ ಹಿಡಿದು ಕೂಡಿಸಿದೆ. "ವಾಲ್ ಎಲ್ಲಿ ಓಡಿ ಹೊಕ್ಕೈತೋ ಫಕೀರಪ್ಪ? ಇತಿಹಾಸ ಕಾಯೂದಿಲ್ಲ. ವಾಲ್ ಕಾಯತೈತಿ."

ಈ ಮಾತು ನನಗೇ ಬಹಳ ಹಿಡಿಸಿತು. ಮಹಬೂಬ ಕೂಡ, ಇಷ್ಟು ಹೊತ್ತಿನಲ್ಲಿ ಶಿವಪುತ್ರ ಆಡಿದ ಒಂದೇ ಸರಿಯಾದ ಮಾತು ಇದು ಎಂದು ಒಪ್ಪಿದ. ಆ ದಿನ ನಾವಿಬ್ಬರೂ ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಬಿಸಿಲು ಕಟ್ಟೆಯಿಂದ ಇಳಿದು ಓಣಿಯ ಆಚೆ ಹೋಗಿತ್ತು. ಓಣಿಯ ಹೆಂಗಸರು ನಳದ ಮುಂದೆ ಕೊಡ ಸಾಲಾಗಿಟ್ಟು ಕಾದು ಕಾದು, ಒಬ್ಬೊಬ್ಬರಾಗಿ ನಮ್ಮ ಕಟ್ಟೆಯ ಕಡೆ ಬರತೊಡಗಿದರು. ಅವರು ಬರುವುದನ್ನು ನೋಡಿ, ಜನಸಾಮಾನ್ಯರು ಪಕ್ಷದ ಕಡೆ ಹೊರಳುತ್ತಿದ್ದಾರೆ ಎಂದು ನನಗೆ ರೋಮಾಂಚನವಾಯಿತು. ಕೈಯಲ್ಲಿ ಕೊಡ ಇದ್ದದ್ದನ್ನು ಆಮೇಲೆ ನೋಡಿದೆ. ಮುಂದೆ ಇದ್ದವಳು ಮಹಬೂಬನ ಹೆಂಡತಿ ಬೀಬಿಜಾನ್. ಅವಳು ಗಂಡನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಫಕೀರಪ್ಪನನ್ನೇ ಕೇಳಿದಳು, ನೀರು ಏಕೆ ಬರಲಿಲ್ಲ ಎಂದು.

ಫಕೀರಪ್ಪ ಚಹಾದ ಕಪ್ಪು ಇಟ್ಟು ಓಡಿದ. ನಾವೆಲ್ಲ ಅವನ ಹಿಂದೆ ಓಡಿದೆವು. ಮೇಲಿನ ಓಣಿಯಲ್ಲಿ ಎಲ್ಲರ ಮನೆಯ ಹಂಡೆ, ಡ್ರಮ್ಮು, ಬಾನಿ ಎಲ್ಲ ತುಂಬಿ, ನೀರು ನಳದಿಂದ ಹಾಗೆಯೇ ರಸ್ತೆಗೆ ಹರಿದಿತ್ತು. ಎಮ್ಮೆಯೊಂದು ನಡುರಸ್ತೆಯಲ್ಲಿ ಸುಖವಾಗಿ ಮಲಗಿತ್ತು. ಊರಿನ ಟ್ಯಾಂಕು ಖಾಲಿ. ಮತ್ತೆ ತುಂಬಲು ಇನ್ನೆಷ್ಟು ದಿನವೋ ಎಂದು ಫಕೀರಪ್ಪ ಚಾವಿ ಹಿಡಿದು ನಿಂತುಬಿಟ್ಟ.

ಬೀಬಿಜಾನ್ ಗಂಡನ ಕಡೆ ತಿರುಗಿದಳು.

"ಅಣ್ಣಿಗೇರಿಂದ ಇಷ್ಟ ಮಂದಿ ಬರ್ತಾರ. ಕೈ ತೊಳ್ಯಾಕ ಏನ ಕೊಡ್ಲಿ? ನಿಮ್ಮ ಭಾಷಣ ಕೊಡ್ಲ್ಯಾ?"

ಮಹಬೂಬನ ಮುಖ ಕಪ್ಪಿಟ್ಟಿತು. ಮಗಳ ಸಂಬಂಧ ಕೂಡಿಬರಲು ಅವನು ಎಷ್ಟು ತಿರುಗಾಡಿದ್ದನೆಂದು ನನಗೆ ಗೊತ್ತಿತ್ತು. ಬೀಗರು ಬಂದ ದಿನ ಮನೆಯಲ್ಲಿ ನೀರಿಲ್ಲ ಎಂದರೆ ಆ ಮಾತು ಅಣ್ಣಿಗೇರಿಯಲ್ಲಿ ಎಷ್ಟು ವರ್ಷ ಓಡಾಡುತ್ತದೆಂದೂ ಗೊತ್ತಿತ್ತು. ಇಡೀ ಓಣಿಯ ಎದುರು ಎದೆ ತಟ್ಟಿಕೊಂಡು, ಬೆಳಗಾಗುವುದರೊಳಗೆ ಟ್ಯಾಂಕರ್ ತರಿಸುವುದು ನನ್ನ ಜವಾಬ್ದಾರಿ ಎಂದು ಘೋಷಿಸಿದೆ. ಶಾಂತವ್ವ ಜನರ ಹಿಂದೆ ನಿಂತು ಹಣೆಗೆ ಕೈ ಹಚ್ಚಿಕೊಂಡದ್ದು ಕಂಡಿತು.

ಮಹಬೂಬನ ಬೈಕಿನ ಮೇಲೆ ಇಬ್ಬರೂ ಸಂಶಿಗೆ ಹೊರಟೆವು. ದಾರಿಯಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಆ ಕುರುವಿನ ಮಾತು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಕುರು ಇದ್ದೂ ದೂರು ಹೇಳದೆ ನಿಂತು ಬಂದರಲ್ಲ, ಅದು ಇನ್ನೂ ದೊಡ್ಡ ನಾಯಕತ್ವ ಎಂದೆ. ಅವನು ಗಾಡಿ ಓಡಿಸುತ್ತಲೇ ಹಿಂದೆ ತಿರುಗಿ ಉತ್ತರ ಕೊಟ್ಟ. ನಾನು ಅದಕ್ಕೆ ಉತ್ತರ ಕೊಟ್ಟೆ. ಹೀಗೆ ಸಂಶಿ ಬಂದು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಹೊಲಗಳ ನಡುವೆ ಬೈಕು ನಿಲ್ಲಿಸಿ, ಇದು ಯಾವ ಊರಿನ ರಸ್ತೆ ಎಂದು ಮೇಕೆ ಹೊಡೆದುಕೊಂಡು ಹೋಗುತ್ತಿದ್ದವನನ್ನು ಕೇಳಿ ತಿರುಗಿ ಬಂದೆವು. ಜೀವನವಿಡೀ ಜನರನ್ನು ಅವರವರ ಸ್ಟಾಪಿನಲ್ಲಿ ಇಳಿಸಿದವನು ನಾನು!

ಟ್ಯಾಂಕರ್ ಮಾಲೀಕ ನಮ್ಮ ವಿರೋಧಿ ಪಕ್ಷದವನು. ಆದರೂ ಮಂಗನಿ ಎಂದು ಕೇಳಿದೊಡನೆ ಬೆಳಿಗ್ಗೆ ಮೊದಲ ಗಾಡಿ ನಿಮ್ಮದೇ ಎಂದ. ನಾನು ಕೃತಜ್ಞತೆಯಿಂದ ಅವನಿಗೂ ಎರಡು ಮಾತು ವರ್ಗಹೋರಾಟದ ಬಗ್ಗೆ ಹೇಳಲು ಹೊರಟಿದ್ದೆ. ಮಹಬೂಬ ಅಂಗಿ ಹಿಡಿದು ಎಳೆದುಕೊಂಡು ಬಂದ.

ಬೆಳಿಗ್ಗೆ ಹೇಳಿದ ಹೊತ್ತಿಗೆ ಟ್ರ್ಯಾಕ್ಟರ್ ಟ್ಯಾಂಕರ್ ಎಳೆದುಕೊಂಡು ಊರು ಮುಟ್ಟಿತು. ನಮ್ಮ ಓಣಿಗೆ ದಾರಿ ಮೇಲಿನ ಓಣಿಯ ಮೇಲೆಯೇ. ಅಲ್ಲಿ ಹಿಂದಿನ ದಿನ ಹರಿದ ನೀರೆಲ್ಲ ಕರಿಮಣ್ಣಿನಲ್ಲಿ ಇಂಗಿ, ರಸ್ತೆ ನಾದಿದ ಹಿಟ್ಟಿನಂತಾಗಿತ್ತು. ಬಲಕ್ಕೆ ಗಟಾರ. ಎಡಕ್ಕೆ ಹಾಯಲು ಜಾಗವಿತ್ತು. ಡ್ರೈವರ್ ಹೊಸಬ, ಅನುಮಾನಿಸಿ ನಿಂತ. ಅವನನ್ನು ಅವನ ಪಾಡಿಗೆ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು.

ನಾನು ಮುಂದೆ ಹೋದೆ. ಸೊಂಟದ ಮೇಲೆ ಕೈಯಿಟ್ಟು ದಾರಿ ನೋಡಿದೆ. ಬರಲಿ, ಮುಂದೆ ಬರಲಿ ಎನ್ನುವುದು ನನ್ನ ಮನಸ್ಸಿನಲ್ಲಿದ್ದ ಮಾತು. ಕಂಡಕ್ಟರ್ ಬಾಯಿಂದ ಅದು ಒಂದೇ ರೀತಿಯಲ್ಲಿ ಹೊರಬರುತ್ತದೆ.

"ರೈಟ್, ರೈಟ್!"

ಡ್ರೈವರ್ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದ. ನಾನು ಗಾಬರಿಯಾಗಿ ಇನ್ನೂ ಜೋರಾಗಿ ರೈಟ್ ಎಂದೆ. ಅವನು ಇನ್ನೂ ತಿರುಗಿಸಿದ. ಟ್ಯಾಂಕರಿನ ಗಾಲಿ ನಿಧಾನವಾಗಿ, ಗೌರವಪೂರ್ವಕವಾಗಿ ಗಟಾರಕ್ಕಿಳಿಯಿತು. ವಯಸ್ಸಿಗೆ ಬಂದಾಗಿನಿಂದ ಎಡಪಂಥ ಹಿಡಿದವನು ನಾನು. ಎಡ ಎನ್ನಬೇಕಾದ ಒಂದೇ ಒಂದು ಗಳಿಗೆಯಲ್ಲಿ ನನ್ನ ಬಾಯಿಗೆ ಎಡ ಬರಲಿಲ್ಲ.

ಜನ ಸೇರಿದರು. ಯಾರೂ ನಗಲಿಲ್ಲ, ಬೀಬಿಜಾನ್ ಅಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಶಾಂತವ್ವ ಬಂದು ಟ್ಯಾಂಕರನ್ನೂ ನನ್ನನ್ನೂ ಒಂದೇ ರೀತಿ ನೋಡಿದಳು.

"ಟಾಕಿ ಬಿದ್ದಿಲ್ಲ, ವಾಲೈತಷ್ಟ. ನೀರ ಒಳಗ ಐತೆಲ್ಲ? ಕೊಡ ತರ್ರಿ."

ಅವಳು ಅಷ್ಟೇ ಹೇಳಿದ್ದು. ಕೆಳಗಿನ ಓಣಿಯವರು ಕೊಡ ತಂದರು. ಮೇಲಿನ ಓಣಿಯ ಹೆಂಗಸರು, ನಿನ್ನೆ ನಮ್ಮ ಪಾಲಿನ ನೀರೂ ತಮಗೆ ಬಂದಿದೆಯೆಂದು ಸಂಕೋಚದಿಂದ ತಮ್ಮ ಡ್ರಮ್ಮುಗಳಿಂದಲೂ ತುಂಬಿಕೊಟ್ಟರು. ನಾನು ಹೆಗಲ ಮೇಲೆ ಕೊಡ ಹೊತ್ತು ಕೆಸರಿನಲ್ಲಿ ಜಾರುತ್ತ ಮಹಬೂಬನ ಮನೆಗೆ ಎಡತಾಕಿದೆ. ಮಹಬೂಬ ನನ್ನ ಹಿಂದೆ ಹೊರುತ್ತಿದ್ದ. ಇಬ್ಬರಿಗೂ ಮಾತಾಡಲು ಉಸಿರಿರಲಿಲ್ಲ. ಊರಿಗೆ ಅದು ದೊಡ್ಡ ಸಮಾಧಾನ.

ಆದರೂ ನನ್ನ ಜೀವ ತಡೆಯಲಿಲ್ಲ. ಎದುರಿಗೆ ಬಂದ ಫಕೀರಪ್ಪನನ್ನು ನಿಲ್ಲಿಸಿ, ನಿನ್ನ ಮತ ಯಾರಿಗಿತ್ತು ಹೇಳಿಬಿಡು ಎಂದೆ.

"ಯಾರರ ಬರ್ಲ್ರಿ ಅಣ್ಣಾರ," ಎಂದ ಫಕೀರಪ್ಪ ಕೊಡ ಹೆಗಲು ಬದಲಿಸುತ್ತ. "ನೀರ ಬಿಡೂ ಹೊತ್ತಿಗೆ ಮೀಟಿಂಗ್ ಇಡಬ್ಯಾಡ ಅನ್ನೂವ್ರು ಬರ್ಲಿ."

ಅಷ್ಟರಲ್ಲಿ ತಾಲೂಕು ಸಮಿತಿಯಿಂದ ಫೋನು. ಒಂದು ಕೈಯಲ್ಲಿ ಕೊಡ ಹಿಡಿದು, ನಮ್ಮ ಶಾಖೆ ಇನ್ನೂ ಆಳವಾದ ಚರ್ಚೆಯಲ್ಲಿದೆ, ಸ್ವಲ್ಪ ಸಮಯ ಬೇಕು ಎಂದೆ. ಆ ಕಡೆಯವರು, ಬೇಡ, ನಾಯಕತ್ವದ ಬಗ್ಗೆ ಮೇಲಿನವರೇ ಎಲ್ಲರೂ ಕೂಡಿ ಮಾತಾಡಿ ತೀರ್ಮಾನಿಸಿದರಂತೆ, ಅದನ್ನು ತಿಳಿಸಲೆಂದೇ ಫೋನು ಮಾಡಿದೆ ಎಂದರು. ಯಾರು ಎಂದು ಕೇಳುವಷ್ಟರಲ್ಲಿ ಕಾಲು ಜಾರಿತು. ಕೊಡ ಉಳಿಯಿತು, ಫೋನು ಕೆಸರಿಗೆ ಬಿತ್ತು.

ಮಂಗನಿ ಚೆನ್ನಾಗಿಯೇ ನಡೆಯಿತು. ಅಣ್ಣಿಗೇರಿಯವರು ಉಂಡರು, ಮಾತಾಡಿದರು, ಹುಡುಗಿಗೆ ಉಂಗುರ ತೊಡಿಸಿದರು. ಬಂದವರಿಗೆ ಏನೊಂದೂ ತಿಳಿಯಲಿಲ್ಲ. ನಾನು ಮೊಣಕಾಲವರೆಗೆ ಕೆಸರು ಒಣಗಿಸಿಕೊಂಡು ಚಪ್ಪರದ ಮೂಲೆಯಲ್ಲಿ, ನೀರು ತುಂಬಿದ ಡ್ರಮ್ಮಿನ ಪಕ್ಕ ನಿಂತಿದ್ದೆ. ಕೂತರೆ ಮತ್ತೆ ಏಳಲಾಗುತ್ತಿರಲಿಲ್ಲ. ಹುಡುಗನ ಅಜ್ಜ, ಬಿಳಿ ಗಡ್ಡದ ಘನವಾದ ಹಿರಿಯರು, ಊಟ ಮುಗಿಸಿ ನನ್ನ ಹತ್ತಿರ ಬಂದು ಮಹಬೂಬನನ್ನು ಇವರು ಯಾರೆಂದು ಕೇಳಿದರು. ಮಹಬೂಬ ನನ್ನ ಭುಜದ ಮೇಲೆ ಕೈಯಿಟ್ಟ. ಬಾಲ್ಯದ ಗೆಳೆಯ, ಶಾಖಾ ಕಾರ್ಯದರ್ಶಿ, ಕಾರ್ಮಿಕ ಮುಖಂಡ ಎಂದು ಹೇಳುತ್ತಾನೆಂದು ನಾನು ಕೊರಳು ಸ್ವಲ್ಪ ನೆಟ್ಟಗೆ ಮಾಡಿಕೊಂಡೆ.

"ಇವತ್ತಿನ ನೀರೆಲ್ಲಾ ಇವ್ರದ್ರಿ," ಎಂದ ಮಹಬೂಬ. ಅವನು ಕೃತಜ್ಞತೆಯಿಂದಲೇ ಹೇಳಿದ. ಅದರಲ್ಲಿ ಅನುಮಾನವಿಲ್ಲ.

ಹಿರಿಯರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಮೆಚ್ಚುಗೆಯಿಂದ ತಲೆಯಾಡಿಸಿದರು.

"ಛಲೋ ಆತು. ನಮ್ಮೂರಾಗಿನ ನೀರ ಬಿಡಾಂವ ಯಾವಾಗ ನೋಡಿದ್ರೂ ಎಲ್ಲೋ ಹರಟಿ ಹೊಡಕೋತ ಕುಂತಿರ್ತಾನು. ನಿಮ್ಮಂಥಾವ್ರ ಇರಬೇಕ ನೋಡ್ರಿ."

ಹೀಗೆಂದು ಅವರು ಎರಡೂ ಕೈ ಮುಂದೆ ಚಾಚಿದರು. ರಾಜ್ಯದ ನಾಯಕತ್ವವನ್ನು ನಿರ್ಧರಿಸಲು ಹೊರಟಿದ್ದ ನಾನು ಚರಿಗೆ ಎತ್ತಿ, ಹನಿಯೂ ಹೊರಗೆ ಚೆಲ್ಲದಂತೆ ನೀರು ಹಾಕಿದೆ.