ಮಾವನವರ ಉಷ್ಣ ಮತ್ತು ನನ್ನ ಕಾರಿನ ಪರದೆ

ಓದು ಬಲ್ಲವನೆಂಬ ಜಂಬ ಇಳಿಯಬೇಕಾದರೆ ಹೊಸ ಕಾರು ಕೊಳ್ಳಬೇಕು. ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುವ ನಾನು ನನ್ನದೇ ಕಾರಿನೊಳಗೆ ಹೆಬ್ಬೆಟ್ಟು. ಹಳೆಯ ಕಾರಿನ ಗುಂಡಿಗಳು, ಕರೆಂಟು ಹೋದಾಗಲೂ ಹೆಂಡತಿಯ ಕೈಗೆ ಉಪ್ಪಿನ ಡಬ್ಬಿ ಸಿಗುವಂತೆ, ನೋಡದೆಯೇ ಸಿಗುತ್ತಿದ್ದವು. ಹೊಸದರಲ್ಲಿ ಎಲ್ಲವೂ ಊಟದ ತಟ್ಟೆಯಗಲದ ಪರದೆಯೊಳಗೆ ಅಡಗಿದೆ. ಗಾಳಿ ಬೇಕೆಂದು ಬೆರಳಿಟ್ಟರೆ ಹಾಡು ಬರುತ್ತದೆ. ಹಾಡು ನಿಲ್ಲಿಸಹೋದರೆ ನಕ್ಷೆ ತೆರೆಯುತ್ತದೆ. ತಲೆಯೆತ್ತಿದರೆ ಎದುರಿಗೆ ಕಬ್ಬಿನ ಟ್ರಾಕ್ಟರು. ಆದರೂ ಯಾರನ್ನಾದರೂ ಕೇಳೋಣವೆಂದರೆ ಮೇಷ್ಟರ ಮಾನ ಅಡ್ಡ ಬರುತ್ತದೆ.

ಕಳೆದ ಬೇಸಿಗೆಯಲ್ಲಿ ಬಾಮೈದ ಮಹೇಶನ ಸಂಬಂಧ ಗಟ್ಟಿ ಮಾಡಲು ಕಿಕ್ಕೇರಿಗೆ ಹೊರಟೆವು. ಬೇಸಾಯಗಾರನೆಂಬ ಕಾರಣಕ್ಕೆ ಹೆಣ್ಣು ಸಿಗದೆ ನಾಲ್ಕು ವರ್ಷ ಅಲೆದವನು ಅವನು. ಕಡೆಗೆ ಕಿಕ್ಕೇರಿಯ ಭಾಗ್ಯ ಒಪ್ಪಿದ್ದಳು. ಹಿರಿಯರೆಂದು ಮಾವನವರನ್ನು ಮುಂದೆ ಕೂರಿಸಿದೆ. ಬಿಸಿಲು ಕಂಡು ಮರುಕ ಬಂತು. ಪರದೆಯಲ್ಲಿ ಸೀಟಿನ ಚಿತ್ರ, ಅದರ ಮೇಲೆ ಮೂರು ಅಲೆಗೆರೆ. ತಂಗಾಳಿ ಇರಬೇಕೆಂದು ಮೂರನ್ನೂ ಹೊತ್ತಿಸಿದೆ.

ಕೆ.ಆರ್. ಪೇಟೆ ದಾಟುವಾಗ ಮಾವನವರು ಮಿಸುಕಾಡತೊಡಗಿದರು. "ಯಾಕೋ ಕಾಣೆ ಅಳಿಯಂದ್ರೇ, ವಸಿ ಉಷ್ಣ ಆಗ್ಬುಟ್ಟದೆ."

"ರಾತ್ರಿಯ ಕೋಳಿಸಾರು ಇರಬೇಕು ಮಾವ," ಎಂದೆ, ವಿಜ್ಞಾನದ ಮೇಷ್ಟರ ಗತ್ತಿನಲ್ಲಿ.

ನಮ್ಮ ಕಡೆ ಹೆಣ್ಣಿನ ಮನೆಯಲ್ಲಿ ಉಂಡರೆ ಸಂಬಂಧ ಒಪ್ಪಿದಂತೆ. ಕಿಕ್ಕೇರಿಯಲ್ಲಿ ಎಲೆ ಹಾಕಿ, ಮುದ್ದೆ, ನಾಟಿಕೋಳಿ ಸಾರು ಬಡಿಸಿದರು. ಮಾವನವರು ಎಲೆ ಸರಿಸಿ, "ನಂಗೆ ಒಂದ್ಲೋಟ ಮಜ್ಗೆ ಸಾಕು," ಎಂದರು. ಹೆಣ್ಣಿನ ತಂದೆಯ ಮುಖ ಕಪ್ಪಿಟ್ಟಿತು. "ಮನ್ಸಿಲ್ದಿದ್ರೆ ಬಾಯ್ಬುಟ್ಟು ಯೋಳ್ಬುಡಿ ಗೌಡ್ರೇ. ಇಂಗೆ ಎಲೆ ಮುಂದೆ ಅವಮಾನ ಮಾಡ್ಬ್ಯಾಡಿ." ಹೆಂಗಸರ ಮುಂದೆ ತಮ್ಮ ಉಷ್ಣ ಎಲ್ಲಿಯದೆಂದು ಹೇಳಲಾರದೆ ಮಾವನವರು ತಲೆ ತಗ್ಗಿಸಿದರು. ಮಹೇಶ ಅಳುವುದೊಂದು ಬಾಕಿ.

ಮಾವನವರು ನನ್ನ ಕಿವಿಯಲ್ಲಿ ಉಸುರಿದರು: "ಕಾರಿಂದ ಇಳಿದ್ಮೇಲೆ ವಸಿ ವಾಸಿ ಕಣ್ರೀ."

ಆಗ ನನಗೆ ಹೊಳೆಯಿತು: ಆ ಮೂರು ಅಲೆಗೆರೆ ತಂಗಾಳಿಯದಲ್ಲ. ನನ್ನ ಮಾನ ಉಳಿಯಬೇಕೋ, ಮಹೇಶನ ಮದುವೆಯೋ? ಒಂದು ಗಳಿಗೆ ಯೋಚಿಸಿದೆನೆಂಬುದಕ್ಕೆ ಈಗಲೂ ನಾಚಿಕೆಯಾಗುತ್ತದೆ. "ಅವರದೇನೂ ತಪ್ಪಿಲ್ಲ. ದಾರಿಯುದ್ದಕ್ಕೂ ಅವರ ಸೀಟು ಕಾಯಿಸಿದವನು ನಾನು," ಎಂದೆ.

ಯಾರೂ ನಂಬಲಿಲ್ಲ. ಸಾಕ್ಷಿಗೆಂದು ಹೆಣ್ಣಿನ ತಂದೆಯನ್ನೇ ಆ ಸೀಟಿನಲ್ಲಿ ಕೂರಿಸಿ ಪರದೆ ತಡಕಿದೆ. ಮೊದಲು ಭಜನೆ ಬಂತು, ಆಮೇಲೆ ನಾಗಮಂಗಲದ ದಾರಿ. ಸೀಟಿನ ಚಿತ್ರ ಮಾತ್ರ ನಾಪತ್ತೆ. ಬಾಗಿಲಲ್ಲಿ ನಿಂತಿದ್ದ ಭಾಗ್ಯ ಬಂದು, "ವಸಿ ಜರುಗಿ ಅಣ್ಣ," ಎಂದು ಎರಡೇ ಸಲ ಬೆರಳಿಟ್ಟಳು. ಎರಡು ನಿಮಿಷಕ್ಕೆ ಅವಳ ತಂದೆ, "ಅಯ್ಯಯ್ಯೋ, ಸುಡ್ತದೆ ಕಣವ್ವ!" ಎಂದು ಹೊರಗೆ ಹಾರಿದರು. ಮಾವನವರು ನಗುತ್ತಲೇ ಹೋಗಿ ಎಲೆಯ ಮುಂದೆ ಕುಳಿತು ಎರಡು ಮುದ್ದೆ ಉಂಡರು.

ಮದುವೆಯಾಯಿತು. ಈಗ ಎಲ್ಲಿಗೆ ಹೊರಟರೂ ಮಾವನವರು ತಾವಾಗಿ ಹಿಂದೆ ಹೋಗಿ ಕೂರುತ್ತಾರೆ. ಮುಂದಿನ ಸೀಟು ಸೊಸೆಗೆ. "ಅಳಿಯಂದ್ರೇ, ನೀವು ಸ್ಟೇರಿಂಗ್ ಒಂದ ಇಡ್ಕಳಿ ಸಾಕು. ಮಿಕ್ಕಿದ್ದ ಮಗು ನೋಡ್ಕತದೆ," ಎನ್ನುತ್ತಾರೆ. ಮೊನ್ನೆ ನಾನು ಹಾರನ್ ಹೊಡೆಯಲು ಕೈಯೆತ್ತಿದ್ದಕ್ಕೇ ಹಿಂದಿನಿಂದ, "ಭಾಗ್ಯನ್ನ ಒಂದ್ಮಾತು ಕೇಳ್ಬುಡಿ," ಎಂದರು. ನಾನು ಕೇಳಿದೆ.